ನಮ್ಮ ಗೋಲು ಯಾವ ಕಡೆ

ಜನವರಿ 9

ಎಡಚಾ,

ನಾನು ಕ್ಷೇಮ ಎಂದು ಮೊದಲ ಸಾಲು ಬರೆಯುವುದು ವಾಡಿಕೆ. ಆ ಸಾಲನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತಿಲ್ಲ. ಕಾರಣ ನನಗೆ ಗೊತ್ತು. ನಾವಿಬ್ಬರೂ ಆಡಿ ಸೋತ ಆ ಫುಟ್‌ಬಾಲ್ ಕಪ್ ಫೈನಲ್ಲಿನ ಗೋಲನ್ನು, ನಾನು ಆಟದ ವಿಶ್ಲೇಷಣೆ ಮಾಡುವ ಟಿವಿಯಲ್ಲಿ ತೋರಿಸಿದರು. ಕಾರ್ಯಕ್ರಮದ ಹೆಸರೇ 'ಮರೆಯಲಾಗದ ತಪ್ಪುಗಳು'. ನಾನು ಪರದೆಯ ಮೇಲೆ ನಿನ್ನ ಸುತ್ತ ಕೆಂಪು ವೃತ್ತ ಎಳೆದು, ಈ ಬಾಲ್ ಇವನದ್ದಾಗಿತ್ತು, ಬಿಟ್ಟುಬಿಟ್ಟ ಎಂದೆ. ಹನ್ನೊಂದು ವರ್ಷ ನಾನು ಬಲಗಡೆ, ನೀನು ಎಡಗಡೆ, ಹಿಂದೆ ಗೋಲು. ಅಂಥವನನ್ನು ಹನ್ನೊಂದು ಸೆಕೆಂಡಿನ ತುಣುಕು ನೋಡಿ ತಪ್ಪಿತಸ್ಥ ಮಾಡಿದೆ. ನೀನು ಕೋಪಿಸಿಕೊಂಡಿದ್ದು ನ್ಯಾಯವೇ.

ಈಗ ನಿಜ ಹೇಳುತ್ತೇನೆ, ಯಾರಿಗೂ ಹೇಳಬೇಡ. ನನಗೆ ಆ ಮ್ಯಾಚು ನೆನಪಿಲ್ಲ. ಸ್ವಲ್ಪ ಮರೆತಿದೆ ಅಂತಲ್ಲ, ಇಲ್ಲವೇ ಇಲ್ಲ. ಬೆಳಿಗ್ಗೆ ಬಸ್ಸು ಹತ್ತಿದ್ದು ನೆನಪಿದೆ, ಮರುದಿನ ಹೋಟೆಲಿನಲ್ಲಿ ಎದ್ದದ್ದು ನೆನಪಿದೆ. ಹದಿಮೂರು ವರ್ಷ ಇದನ್ನು ಸೋತ ದುಃಖ ಎಂದುಕೊಂಡಿದ್ದೆ. ಕಳೆದ ಒಂದು ವರ್ಷದಿಂದ ಹಾಗೆ ಅಂದುಕೊಳ್ಳಲು ಧೈರ್ಯ ಸಾಲುತ್ತಿಲ್ಲ.

ನೀನು ಟಿವಿ ನೋಡುತ್ತೀಯೋ ಇಲ್ಲವೋ. ನಾನು ಆಟಗಾರರನ್ನು ಹೆಸರಿನಿಂದ ಕರೆಯುವುದಿಲ್ಲ. 'ಏಳನೇ ನಂಬರ್ ಒಳಗೆ ನುಗ್ಗಿದ, ಮೂರನೇ ನಂಬರ್ ನಿದ್ದೆ ಹೊಡೀತಿದ್ದ' ಅನ್ನುತ್ತೇನೆ. ಜನಕ್ಕೆ ಅದು ಬಲು ಇಷ್ಟ. ನಿರೂಪಕಿ ನನ್ನನ್ನು 'ನಂಬರ್ ಸರ್' ಅನ್ನುತ್ತಾಳೆ. ಅದು ಸ್ಟೈಲ್ ಅಲ್ಲ ಕಣೋ. ನನಗೆ ಹೆಸರುಗಳು ಬರುವುದಿಲ್ಲ. ನಾಲಿಗೆ ತುದಿಯಲ್ಲಿರುವ ಹೆಸರು ಅಲ್ಲೇ ಕರಗಿ ಹೋಗುತ್ತದೆ. ಬೆನ್ನ ಮೇಲೆ ನಂಬರ್ ಬರೆದಿರುತ್ತದೆ, ಓದುತ್ತೇನೆ, ಬದುಕಿಕೊಳ್ಳುತ್ತೇನೆ.

ಮಾತಾಡುವಾಗ ಪದ ತಪ್ಪಿದರೆ ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಬರೆಯುವಾಗ ಪದಕ್ಕಾಗಿ ಅರ್ಧ ಗಂಟೆ ಕಾದರೂ ಕಾಗದ ಬೇಸರ ಮಾಡಿಕೊಳ್ಳುವುದಿಲ್ಲ. ಅದಕ್ಕೇ ಪತ್ರ. ಒಂದೇ ಪ್ರಶ್ನೆ: ಆ ದಿನ ಮೈದಾನದಲ್ಲಿ ನನಗೆ ಏನಾಯಿತು?

ನಿನ್ನ ಜೋಡಿ,
ಗೂಟ


ಜನವರಿ 27

ಗೂಟಾ,

ಪತ್ರ ನೋಡಿ ಮೊದಲು ಹೆದರಿದೆ. ಈ ಕಾಲದಲ್ಲಿ ಕೈಬರಹದ ಪತ್ರ ಬಂದರೆ ಯಾರೋ ಸತ್ತಿರಬೇಕು ಅನ್ನಿಸುತ್ತದೆ.

ಹೆಸರು ಮರೆಯುವುದಕ್ಕೆ ಇಷ್ಟೊಂದು ಕಂಗಾಲಾಗಬೇಡ. ನಮ್ಮಿಬ್ಬರಿಗೂ ಐವತ್ತು ಹತ್ತಿರವಾಯಿತು. ನಾನೂ ಮೊನ್ನೆ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕಿದೆ. ನಮ್ಮ ಕೋಚ್ ಪುಣ್ಯಾತ್ಮ ಗ್ಯಾಲರಿಯ ತೊಲೆಗೆ ಹಗ್ಗದಲ್ಲಿ ಚೆಂಡು ಕಟ್ಟಿ ದಿನ ಬೆಳಗಾದರೆ ನೂರು ಸಲ ತಲೆಯಲ್ಲಿ ಹೊಡೆಸುತ್ತಿದ್ದನಲ್ಲ, 'ತಲೆ ಇರೋದು ಯೋಚನೆ ಮಾಡೋಕಲ್ಲ, ಬಾಲಿಗೆ' ಅನ್ನುತ್ತಾ. ಅಷ್ಟು ಹೊಡೆದ ಮೇಲೂ ನಿನಗೆ ನನ್ನ ವಿಳಾಸ ನೆನಪಿದೆಯಲ್ಲ, ಅದು ದೊಡ್ಡದು.

ನನ್ನ ಸಮಾಚಾರ ಹೇಳುವುದಾದರೆ, ಡ್ರೈವಿಂಗ್ ಸ್ಕೂಲು ನಡೆಯುತ್ತಿದೆ. ಕಲಿಯುವವರ ಪಕ್ಕ ಕೂರುತ್ತೇನೆ. ನನ್ನ ಕಾಲಿನ ಕೆಳಗೂ ಒಂದು ಬ್ರೇಕು ಇದೆ. ನಿವೃತ್ತ ಟೀಚರಮ್ಮ ಒಬ್ಬರು ಬರುತ್ತಾರೆ, ಅರವತ್ತೆರಡು ವಯಸ್ಸು, ರಸ್ತೆಯಲ್ಲಿ ಎದುರು ಬಂದ ಬಸ್ಸಿನವನನ್ನೇ ಗದರಿಸುತ್ತಾರೆ. ಅವರ ಜೊತೆ ಒಂದು ಗಂಟೆ ಕೂತರೆ ಕಪ್ ಫೈನಲ್ ಆಡಿದಷ್ಟು ಸುಸ್ತು.

ಆ ಮ್ಯಾಚಿನ ವಿಷಯ ಬಿಡು. ಸೋತೆವು, ಮುಗಿಯಿತು. ಹಳೆಯದನ್ನು ಕೆದಕಿದರೆ ಧೂಳು ಬಿಟ್ಟು ಇನ್ನೇನು ಬರುತ್ತದೆ? ಕೆಂಪು ವೃತ್ತದ ಬಗ್ಗೆ ನನಗೆ ಕೋಪವಿಲ್ಲ. ಒಳ್ಳೆಯ ಡಾಕ್ಟರಿಗೆ ತೋರಿಸು. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು.

ಎಡಚ


ಫೆಬ್ರವರಿ 20

ಎಡಚಾ,

ನಾನು ಕೇಳಿದ್ದು ಒಂದೇ ಪ್ರಶ್ನೆ. ನೀನು ಕನ್ನಡಕ, ಕೋಚು, ಟೀಚರಮ್ಮ ಎಲ್ಲವನ್ನೂ ಬರೆದೆ, ಅದೊಂದನ್ನು ಬಿಟ್ಟು. ಇರಲಿ, ಈಗ ನನಗೆ ಅದಕ್ಕಿಂತ ದೊಡ್ಡ ಭಯ ಹತ್ತಿದೆ.

ಸ್ಟುಡಿಯೋದಲ್ಲಿ ಮೇಕಪ್ ಕೋಣೆಯಿಂದ ಸೆಟ್ಟಿಗೆ ಮೂವತ್ತು ಹೆಜ್ಜೆ. ಐದು ವರ್ಷದಿಂದ ನಡೆಯುತ್ತಿದ್ದೇನೆ. ಹೋದ ಭಾನುವಾರ ಮೇಕಪ್ ಮುಗಿಸಿ, ಅಂಗಿಯ ಕಾಲರಿಗೆ ಸಿಕ್ಕಿಸಿದ ಟಿಶ್ಯೂ ಕಾಗದದ ಸಮೇತ ಹೊರಗೆ ಬಂದೆ. ಓಣಿಯಲ್ಲಿ ಎರಡು ಬಾಗಿಲು ಇದ್ದವು, ಎರಡೂ ಬೂದು ಬಣ್ಣ. ಯಾವುದರ ಹಿಂದೆ ಏನಿದೆ ಎಂದು ಗೊತ್ತಾಗಲಿಲ್ಲ. ನೆನಪಾಗುತ್ತದೆ, ಇರು, ಎಂದು ನಿಂತೆ. ನೆನಪಾಗಲಿಲ್ಲ. ಒಳಗಿನಿಂದ ನನ್ನದೇ ಹೆಸರು ಕರೆಯುತ್ತಿದ್ದಾರೆ, ಯಾವ ಬಾಗಿಲಿನ ಒಳಗಿನಿಂದ ಎಂದು ತಿಳಿಯದು. ನೆಲ ಒರೆಸುವ ಹೆಂಗಸು ಬಂದಳು. ದಾರಿ ಕೇಳಲು ನಾಚಿಕೆಯಾಗಿ ಟೈಮೆಷ್ಟು ಎಂದು ಕೇಳಿದೆ. ಅವಳು ಟೈಮ್ ಹೇಳಲಿಲ್ಲ. ಕಾಲರಿನಿಂದ ಟಿಶ್ಯೂ ತೆಗೆದು, 'ಬನ್ನಿ ಸರ್' ಎಂದು ಎಡಗಡೆ ಬಾಗಿಲು ತೆರೆದಳು. ಅವಳಿಗೆ ಗೊತ್ತಾಗಿದೆ.

ಡಾಕ್ಟರ ಬಳಿ ಹೋದೆ, ನಿನ್ನ ಅತ್ತಿಗೆಗೆ ಹೇಳದೆ. ಐದು ಪದ ಹೇಳಿ ಆಮೇಲೆ ಕೇಳಿದರು. ಎರಡು ಹೇಳಿದೆ. ಆಡುವಾಗ ತಲೆಗೆ ಏಟು ಬಿದ್ದು ಎಂದಾದರೂ ಪ್ರಜ್ಞೆ ತಪ್ಪಿತ್ತೇ, ಗೊಂದಲವಾಗಿತ್ತೇ ಎಂದರು. ಹದಿನೆಂಟು ವರ್ಷ ಆಡಿದ್ದೇನೆ, ಒಮ್ಮೆಯೂ ಸ್ಟ್ರೆಚರ್ ಹತ್ತಿಲ್ಲ ಎಂದೆ. ಆ ಹೆಮ್ಮೆ ಇನ್ನೂ ಹೋಗಿಲ್ಲ ನೋಡು. ಅವರು 'ಏಟು ಬಿದ್ದಿಲ್ಲ' ಎಂದು ಬರೆದುಕೊಂಡು, ಆತಂಕ ಇರಬಹುದು, ನಿದ್ದೆ ಮಾಡಿ ಎಂದು ಕಳಿಸಿದರು.

ಏಪ್ರಿಲ್ 27ಕ್ಕೆ ಕಪ್ ಫೈನಲ್, ನೇರ ಪ್ರಸಾರ, ಮೂರು ಗಂಟೆ. ಅದು ಮುಗಿದ ಮೇಲೆ ನನ್ನ ಒಪ್ಪಂದ ಮುಂದುವರಿಸುವುದೋ ಬೇಡವೋ ತೀರ್ಮಾನಿಸುತ್ತಾರೆ. ಇದು ಹೋದರೆ ನಾನು ಏನು? ಆಟ ಬಿಟ್ಟ ಮೇಲಿನ ಎರಡು ವರ್ಷ ನೀನು ನೋಡಿದ್ದೀಯ. ಸೋಫಾದಿಂದ ಎದ್ದು ಕಿಟಕಿ, ಕಿಟಕಿಯಿಂದ ಸೋಫಾ. ಅಲ್ಲಿಗೆ ಮತ್ತೆ ಹೋಗಲಾರೆ.

ನನ್ನ ಕಿವಿಯಲ್ಲಿ ಒಂದು ಇಯರ್‌ಪೀಸ್ ಇರುತ್ತದೆ, ಕಂಟ್ರೋಲ್ ರೂಮಿನಿಂದ ನಿರ್ದೇಶಕ ಮಾತಾಡುತ್ತಾನೆ. ಆ ದಿನ ಒಬ್ಬ ಸಹಾಯಕನನ್ನು ಕೂರಿಸಿಕೊಳ್ಳಲು ಒಪ್ಪಿಗೆ ಪಡೆದಿದ್ದೇನೆ, ಅಂಕಿಅಂಶ ಹೇಳಲು ಎಂದು ಸುಳ್ಳು ಹೇಳಿ. ನೀನು ಬಾ. ಹೆಸರು ಹೇಳು, ಪದ ತಪ್ಪಿದರೆ ಪದ ಹೇಳು. ಹನ್ನೊಂದು ವರ್ಷ ನನ್ನ ಎಡಗಿವಿಗೆ 'ಹಿಂದೆ ಒಬ್ಬ', 'ಮುಂದೆ ಹೋಗು', 'ಬಿಡು' ಎಂದು ಅರಚಿದವನು ನೀನೇ. ಇನ್ನು ಮೂರು ಗಂಟೆ ಅರಚು. ನಾನು ಸರಿಯಾಗಿದ್ದೇನೆ ಎಂದು ಅವರಿಗೆ ಅನ್ನಿಸಿದರೆ ಸಾಕು.

ಕೈಮುಗಿದು ಕೇಳುತ್ತಿದ್ದೇನೆ.

ಗೂಟ


ಮಾರ್ಚ್ 12

ಗೂಟಾ,

ನಾನು ಬರುವುದಿಲ್ಲ.

ಇಷ್ಟು ಬರೆಯಲು ಎರಡು ವಾರ ಹಿಡಿಯಿತು. ಬರುತ್ತೇನೆ ಎಂದು ಬರೆದು ಎರಡು ಸಲ ಹರಿದೆ. 'ಅವರಿಗೆ ಅನ್ನಿಸಿದರೆ ಸಾಕು' ಎಂಬ ನಿನ್ನ ಸಾಲಿಗೆ ಹೆದರಿ ಹರಿದೆ. ನೀನು ಸರಿಯಾಗಿದ್ದೀಯ ಎಂದು ಬೇರೆಯವರಿಗೆ ಅನ್ನಿಸುವಂತೆ ಮಾಡುವ ಕೆಲಸ ನಾನು ಹಿಂದೆ ಒಮ್ಮೆ ಮಾಡಿದ್ದೇನೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳಾ ಅನ್ನುತ್ತಾರಲ್ಲ, ಹದಿನಾಲ್ಕು ವರ್ಷದಿಂದ ಈ ದಿನಕ್ಕೆ ಕಾದೆ. ಓದು.

ಎಪ್ಪತ್ತನೇ ನಿಮಿಷ, ಎರಡೂ ಕಡೆ ಗೋಲಿಲ್ಲ. ಅವರಿಗೆ ಕಾರ್ನರ್ ಕಿಕ್. ಒಂದೇ ಚೆಂಡಿಗೆ ನಾವಿಬ್ಬರೂ ಹಾರಿದೆವು. ನನ್ನ ತಲೆಯ ಹಿಂಭಾಗ ನಿನ್ನ ಕಪಾಳಕ್ಕೆ ಬಡಿಯಿತು. ಆ ಶಬ್ದ ನನಗೆ ಈಗಲೂ ಕೇಳುತ್ತದೆ. ನೀನು ಬಿದ್ದೆ, ಎದ್ದೆ, ಅಂಗಿ ಕೊಡವಿಕೊಂಡೆ. ಆಮೇಲೆ ನನ್ನ ಹತ್ತಿರ ಬಂದು ಗುಟ್ಟು ಹೇಳುವವನಂತೆ ಕೇಳಿದೆ:

"ನಮ್ಮ ಗೋಲು ಯಾವ ಕಡೆ ಕಣೋ?"

ತಮಾಷೆ ಎಂದುಕೊಂಡು ನಕ್ಕೆ. ನಿನ್ನ ಕಣ್ಣು ನೋಡಿ ನಗು ನಿಂತಿತು. ಅಷ್ಟರಲ್ಲಿ ಟೀಮಿನ ಫಿಸಿಯೋ ಔಷಧಿ ಚೀಲ ಹಿಡಿದು ಓಡಿ ಬಂದ. ಅವನು ನಿನ್ನನ್ನು ಕೇಳಿದ, ನೀನು ಸುಮ್ಮನೆ ನಿಂತಿದ್ದೆ. ಅವನು ನನ್ನ ಕಡೆ ತಿರುಗಿ, "ಸರಿ ಇದಾನಾ ಇವನು?" ಎಂದ.

ಬದಲಿ ಆಟಗಾರರೆಲ್ಲ ಮುಗಿದಿದ್ದರು. ನೀನು ಹೊರಗೆ ಹೋದರೆ ಹತ್ತೇ ಜನ. ಟ್ರೋಫಿ ಕಣ್ಣೆದುರಿಗೇ ಇತ್ತು, ನನಗೆ ಅದೇ ಕೊನೆಯ ಸೀಸನ್.

"ಸರಿ ಇದಾನೆ. ನಾನು ನೋಡ್ಕೋತೀನಿ," ಎಂದೆ.

ನಿನ್ನ ಎರಡೂ ಭುಜ ಹಿಡಿದು, ನಮ್ಮ ಗೋಲು ಬೆನ್ನ ಹಿಂದೆ ಬರುವಂತೆ ತಿರುಗಿಸಿ ನಿಲ್ಲಿಸಿದೆ. ಹದಿನಾಲ್ಕು ನಿಮಿಷ ನೀನು ಆಡಿದ್ದು ನನ್ನ ಬಾಯಿಂದ. ಹಾರು ಅಂದರೆ ಹಾರಿದೆ, ತಲೆ ಕೊಡು ಅಂದರೆ ಕೊಟ್ಟೆ. ಆ ತಲೆಯಿಂದಲೇ ಇನ್ನೂ ನಾಲ್ಕು ಚೆಂಡು ಹೊಡೆಸಿದೆ. ಎಂಬತ್ತನಾಲ್ಕನೇ ನಿಮಿಷಕ್ಕೆ ಎತ್ತರದ ಚೆಂಡು ಬಂತು. ನೀನು 'ನಂದು' ಎಂದು ಕೂಗಿದೆ. ಕೂಗಿದವನಿಗೆ ಚೆಂಡು ಬಿಡುವುದು ನಮ್ಮ ನಿಯಮ, ಬಿಟ್ಟೆ. ನೀನು ಮುಖ ಮೇಲಕ್ಕೆತ್ತಿ ನೋಡುತ್ತಾ ನಿಂತೆ, ಹಾರಲಿಲ್ಲ. ಟಿವಿಯಲ್ಲಿ ತೋರಿಸಿದ ಗೋಲು ಅದೇ.

ಕೆಂಪು ವೃತ್ತಕ್ಕೆ ನನಗೆ ಕೋಪವಿರಲಿಲ್ಲ, ಅದು ನೆಪವಾಯಿತು. ನಿನ್ನ ದನಿ ಕೇಳಿದಾಗಲೆಲ್ಲ ಆ ದಿನದ ಪ್ರಶ್ನೆಯೇ ಕೇಳಿಸುತ್ತಿತ್ತು, ಫೋನ್ ಎತ್ತದಿರಲು ಒಂದು ಕಾರಣ ಸಿಕ್ಕಿತು. ಕಲಿಯುವವರ ಪಕ್ಕ ಕೂತು ದಿನವೂ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟಿರುತ್ತೇನೆ. ಆ ದಿನವೂ ಬ್ರೇಕು ನನ್ನ ಕಾಲ ಕೆಳಗೇ ಇತ್ತು. ನಾನು ಒತ್ತಲಿಲ್ಲ.

ಈ ಪತ್ರ ಡಾಕ್ಟರಿಗೆ ತೋರಿಸು. ಏಟು ಬಿದ್ದಿತ್ತು ಎಂದು ಬರೆಸು. ನನ್ನನ್ನು ಏನು ಬೇಕಾದರೂ ಅನ್ನು.

ಎಡಚ


ಏಪ್ರಿಲ್ 8

ಗೂಟಾ,

ಉತ್ತರವಿಲ್ಲ. ಬರಲಿ ಎಂದು ಕೇಳುವ ಹಕ್ಕು ನನಗಿಲ್ಲ, ಆದರೂ ದಿನಕ್ಕೆರಡು ಸಲ ಅಂಚೆ ಡಬ್ಬಿ ತೆಗೆದು ನೋಡುತ್ತೇನೆ.

ಭಾನುವಾರ ನಿನ್ನನ್ನು ಟಿವಿಯಲ್ಲಿ ನೋಡಿದೆ. ಹದಿನಾಲ್ಕನೇ ನಂಬರನ್ನು ನಾಲ್ಕು ಎಂದೆ. ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಮರುದಿನ ಖಾಲಿ ರಸ್ತೆಯಲ್ಲಿ ಕಾರಣವಿಲ್ಲದೆ ಬ್ರೇಕ್ ಒತ್ತಿದೆ. ಟೀಚರಮ್ಮ ಸ್ಟೀರಿಂಗಿಗೆ ಮುಗ್ಗರಿಸಿ, "ಏನ್ರೀ ಅಡ್ಡ ಬಂತು?" ಎಂದರು.

ನಾನೂ ಅದೇ ಹಗ್ಗದ ಚೆಂಡಿಗೆ ತಲೆ ಕೊಟ್ಟವನು. ಈಗ ದಿನಾ ಬೆಳಿಗ್ಗೆ ನಮ್ಮ ಹಳೆಯ ಟೀಮಿನ ಹನ್ನೊಂದು ಹೆಸರು ಹೇಳಿಕೊಂಡು ಹಾಸಿಗೆ ಬಿಟ್ಟು ಏಳುತ್ತೇನೆ. ಒಂದು ತಡವಾದರೂ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.

ಒಂದು ಸಾಲು ಬರೆ. ಬೈಗುಳವಾದರೂ ಸರಿ.

ಎಡಚ


ಏಪ್ರಿಲ್ 28

ಎಡಚಾ,

ಬೈಗುಳ ಬೇಕು ಅಂದೆಯಲ್ಲ, ತಗೋ. ನೀನು ಹೇಡಿ. ಕಳ್ಳ. ಹದಿನಾಲ್ಕು ವರ್ಷ ನನ್ನ ತಲೆಯ ವಿಷಯ ನಿನ್ನ ಹತ್ತಿರ ಇಟ್ಟುಕೊಂಡು, ನನ್ನ ಮನೆಗೆ ಬಂದು ಊಟ ಮಾಡಿ, ನನ್ನ ಹೆಂಡತಿಯನ್ನು ಅತ್ತಿಗೆ ಅಂತ ಕರೆದೆ. ಅವಳಿಗೆ ನಿನ್ನ ಪತ್ರ ಓದಿ ಹೇಳಿದೆ. ಅವಳು ಅಳಲಿಲ್ಲ. ಫೈನಲ್ಲಿನ ಸಂಜೆ ನಾನು ಅವಳಿಗೆ ಮೂರು ಸಲ ಫೋನ್ ಮಾಡಿ, ಮ್ಯಾಚ್ ಶುರುವಾಯಿತಾ ಎಂದು ಕೇಳಿದ್ದೆನಂತೆ. ಸೋತ ಬೇಸರಕ್ಕೆ ಹಾಗೆ ಆಡುತ್ತಿದ್ದಾರೆ ಎಂದುಕೊಂಡು ಅವಳೂ ಸುಮ್ಮನಿದ್ದಳಂತೆ. ಈಗ ಅವಳಿಗೂ ನಿದ್ದೆಯಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯಲು ಕುಳಿತೆ, ಕೈ ಬರಲಿಲ್ಲ. ಆದರೆ ನಿಜ ಹೇಳಬೇಕಲ್ಲ: ಆ ದಿನ ನೀನು ನನ್ನನ್ನು ಹೊರಗೆ ಕಳಿಸಿದ್ದರೆ ನಿನ್ನ ಹಲ್ಲು ಉದುರಿಸುತ್ತಿದ್ದೆ. ಜನ್ಮವಿಡೀ ಮುಖ ನೋಡುತ್ತಿರಲಿಲ್ಲ. ನಾನೇ ನಿನ್ನ ಜಾಗದಲ್ಲಿದ್ದರೂ 'ಸರಿ ಇದಾನೆ' ಅನ್ನುತ್ತಿದ್ದೆ. ಇದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು.

ನಿನ್ನೆಯ ಪ್ರಸಾರ ನೀನು ನೋಡಿರಬಹುದು. ಆದರೂ ಬರೆಯುತ್ತೇನೆ, ನನಗೆ ಇನ್ನೂ ನೆನಪಿರುವಾಗಲೇ.

ನಲವತ್ತೊಂದನೇ ನಿಮಿಷ, ನೀಲಿ ಅಂಗಿಯ ಐದನೇ ನಂಬರ್, ಡಿಫೆಂಡರ್. ಎದುರಾಳಿಯ ತಲೆಗೆ ತಲೆ ಬಡಿಯಿತು. ಬಿದ್ದ, ಎದ್ದ, ಅಂಗಿ ಕೊಡವಿಕೊಂಡ. ಪಕ್ಕದವನು ಬಂದು ಫಿಸಿಯೋಗೆ ಹೆಬ್ಬೆರಳು ತೋರಿಸಿ ಕಳಿಸಿದ. ಎಡಚಾ, ಅವನು ಇವನ ಭುಜ ಹಿಡಿದು ತಿರುಗಿಸಿದ್ದನ್ನು ನಾನು ನೋಡಿದೆ. ಕ್ಯಾಮೆರಾ ಬೇರೆ ಕಡೆ ಹೋಯಿತು.

ಅರ್ಧ ಸಮಯಕ್ಕೆ ಸೆಟ್ಟಿನಲ್ಲಿ ಅದನ್ನೇ ನಿಧಾನಗತಿಯಲ್ಲಿ ತೋರಿಸಿದರು. ಎಂಥ ಧೈರ್ಯ ಅಲ್ವಾ ನಂಬರ್ ಸರ್ ಎಂದಳು ನಿರೂಪಕಿ. ಹೌದು ಎನ್ನಲು ಬಾಯಿ ತೆರೆದೆ, ಐದು ವರ್ಷದ ಅಭ್ಯಾಸ. ಬಂದದ್ದು ಬೇರೆ ಮಾತು.

"ಧೈರ್ಯ ಅಲ್ಲಮ್ಮ ಅದು. ಅವನನ್ನ ಆಚೆ ಕರೀರಿ. ನಮ್ಮ ಗೋಲು ಯಾವ ಕಡೆ ಅಂತ ಕೇಳಿ, ಅವನಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ನಂಬರ್ ಹೇಳೋದು ಸ್ಟೈಲ್ ಅಲ್ಲ. ನನಗೆ ನಿಮ್ಮ ಹೆಸರೂ ಈಗ ನೆನಪಿಗೆ ಬರ್ತಿಲ್ಲ," ಎಂದೆ.

ಕಿವಿಯಲ್ಲಿ ನಿರ್ದೇಶಕ, ನಿಲ್ಲಿಸಿ, ಜಾಹೀರಾತಿಗೆ ಹೋಗುತ್ತಿದ್ದೇವೆ ಎಂದು ಕಿರುಚಿದ. ನಾನು ಇಯರ್‌ಪೀಸ್ ಕಿತ್ತು ಮೇಜಿನ ಮೇಲಿಟ್ಟೆ. ಆ ಹುಡುಗಿಗೆ ಕಣ್ಣು ತುಂಬಿ ಬಂದಿತ್ತು, ತನ್ನ ಹೆಸರು ಹೇಳಿ ನನ್ನ ಕೈ ಹಿಡಿದಳು. ಆ ಹೆಸರೂ ಈಗ ಹೋಗಿದೆ.

ಐದನೇ ನಂಬರ್ ಎರಡನೇ ಅರ್ಧಕ್ಕೆ ಇಳಿಯಲಿಲ್ಲ. ನೀಲಿಯವರು ಸೋತರು. ನನಗೆ ಬಂದ ಬೈಗುಳ ಲೆಕ್ಕವಿಲ್ಲ, ಒಪ್ಪಂದವೂ ಮುಗಿದ ಹಾಗೆ. ನಾಳೆ ಡಾಕ್ಟರ ಬಳಿ ನಿನ್ನ ಪತ್ರ ತೆಗೆದುಕೊಂಡು ಹೋಗುತ್ತಿದ್ದೇನೆ. ನನಗೆ ವಿಪರೀತ ಭಯವಾಗುತ್ತಿದೆ ಕಣೋ. ಕ್ಷಮಿಸಲು ಆಗದಿದ್ದರೂ ಹೇಳಿಕೊಳ್ಳಲು ನಿನ್ನನ್ನು ಬಿಟ್ಟು ಬೇರೆ ಯಾರಿದ್ದಾರೆ?

ಗೂಟ


ಸೆಪ್ಟೆಂಬರ್ 14

ಎಡಚಾ,

ನಾನು ಕ್ಷೇಮ.

ನಿನಗೆ ಬರೆದು ಎಷ್ಟು ವರ್ಷವಾಯಿತೋ. ನೀನು ಫೋನ್ ಎತ್ತುವುದಿಲ್ಲ. ಕೆಂಪು ವೃತ್ತದ ಕೋಪ ಇನ್ನೂ ಹೋಗಿಲ್ಲ ಅಂತ ಕಾಣುತ್ತದೆ. ತಪ್ಪು ನನ್ನದೇ, ಬಿಟ್ಟುಬಿಡು. ವಿಳಾಸವನ್ನು ನಿನ್ನ ಅತ್ತಿಗೆ ಬರೆದುಕೊಟ್ಟಳು. ಬರೆಯುವಾಗ ಯಾಕೋ ಮುಖ ಆಚೆ ತಿರುಗಿಸಿದ್ದಳು.

ಬೆಳಿಗ್ಗೆ ಮನೆಯ ಸುತ್ತ ನಡೆಯುತ್ತೇನೆ. ಬಾಗಿಲುಗಳಿಗೆಲ್ಲ ಅವಳು ಚೀಟಿ ಅಂಟಿಸಿದ್ದಾಳೆ, ಅಡುಗೆಮನೆ, ಬಚ್ಚಲು, ಹೊರಗೆ. ಟಿವಿಗೆ ಈಗ ಹೋಗುತ್ತಿಲ್ಲ, ರಜೆ ಇರಬೇಕು.

ಒಂದು ವಿಷಯ ಕೇಳಬೇಕು. ಡಾಕ್ಟರ ಫೈಲಿನಲ್ಲಿ ನಮ್ಮ ಕಪ್ ಫೈನಲ್ಲಿನ ದಿನ ತಲೆಗೆ ಏಟು ಎಂದು ಬರೆದಿದೆ. ಯಾರು ಹೇಳಿದರೋ ಗೊತ್ತಿಲ್ಲ. ನನಗೆ ಆ ಮ್ಯಾಚು ನೆನಪೇ ಇಲ್ಲ, ಯೋಚಿಸಿದರೆ ಹೆದರಿಕೆಯಾಗುತ್ತದೆ. ಆ ದಿನ ನನಗೆ ಏನಾಯಿತು? ಏಟು ಬಿದ್ದಿತ್ತೇ? ಬಿದ್ದಿದ್ದರೆ ನನ್ನನ್ನು ಯಾಕೆ ಆಡಿಸಿದರು? ನೀನು ಪಕ್ಕದಲ್ಲೇ ಇದ್ದೆಯಲ್ಲ. ನನ್ನ ವಿಷಯದಲ್ಲಿ ನೀನು ಯಾವತ್ತೂ ಸುಳ್ಳು ಹೇಳಿದವನಲ್ಲ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ನಿನ್ನ ಜೋಡಿ,
ಗೂಟ


ಸೆಪ್ಟೆಂಬರ್ 19

ಗೂಟಾ,

ನಿನ್ನ ಪತ್ರವನ್ನು ಒಂದಿಡೀ ದಿನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ಓಡಾಡಿದೆ. ಟೀಚರಮ್ಮ ಲೈಸೆನ್ಸ್ ಪರೀಕ್ಷೆ ಪಾಸಾದರು. ಕೆಳಗಿಳಿಯುವಾಗ ಅವರು, ಇವತ್ತು ಒಂದು ಸಲವೂ ಬ್ರೇಕ್ ಒತ್ತಲಿಲ್ಲವಲ್ಲ, ಹುಷಾರಾಗಿದ್ದೀರಾ ಎಂದರು. ಹುಷಾರಾಗಿರಲಿಲ್ಲ. ಏಟೂ ಇಲ್ಲ, ಏನೂ ಇಲ್ಲ, ಡಾಕ್ಟರಿಗೆ ಯಾರೋ ತಪ್ಪು ಹೇಳಿದ್ದಾರೆ ಎಂದು ಬರೆದರೆ ಸಾಕಿತ್ತು. ನೀನು ನಂಬುತ್ತಿದ್ದೆ, ನಾನು ಮತ್ತೆ ನಿನಗೆ ಒಳ್ಳೆಯವನಾಗುತ್ತಿದ್ದೆ. ಪೆನ್ನು ಹಿಡಿದೂ ಆಗಿತ್ತು.

ಏಟು ಬಿದ್ದಿತ್ತು. ಎಪ್ಪತ್ತನೇ ನಿಮಿಷ, ಅವರ ಕಾರ್ನರ್, ನನ್ನ ತಲೆ ನಿನ್ನ ಕಪಾಳಕ್ಕೆ ಬಡಿಯಿತು. ನಮ್ಮ ಗೋಲು ಯಾವ ಕಡೆ ಎಂದು ನೀನು ನನ್ನನ್ನು ಕೇಳಿದೆ. ಸರಿ ಇದಾನೆ ಎಂದು ಫಿಸಿಯೋಗೆ ಹೇಳಿ ನಿನ್ನನ್ನು ಆಡಿಸಿದವನು ನಾನು. ಬೇರೆ ಯಾರೂ ಅಲ್ಲ. ಆ ಗೋಲು ನಿನ್ನ ತಪ್ಪಲ್ಲ.

ಇದನ್ನು ಮಾರ್ಚಿನಲ್ಲಿ ನಿನಗೆ ಒಮ್ಮೆ ಬರೆದಿದ್ದೆ. ಏಪ್ರಿಲ್‌ನಲ್ಲಿ ನೀನು ಉತ್ತರ ಬರೆದೆ, ಅದನ್ನು ಈ ಪತ್ರದ ಜೊತೆಗೆ ಇಟ್ಟಿದ್ದೇನೆ. ಆಮೇಲೆ ಬರೆಯಲು, ಬರಲು ನನಗೆ ಮುಖವಿರಲಿಲ್ಲ. ಅದರಲ್ಲಿ ನನಗೆ ಸಲ್ಲಬೇಕಾದ ಬೈಗುಳವೆಲ್ಲ ಇದೆ, ಹೊಸದಾಗಿ ಹುಡುಕುವ ಕಷ್ಟ ಬೇಡ. ನೀನು ಟಿವಿಯಲ್ಲಿ ಮಾಡಿದ ಒಂದು ಕೆಲಸವೂ ಅದರಲ್ಲಿದೆ. ಅದನ್ನು ಎರಡು ಸಲ ಓದು. ಐದನೇ ನಂಬರ್ ಆಮೇಲೆ ನಾಲ್ಕು ತಿಂಗಳು ಆಟ ಬಿಟ್ಟು ಚಿಕಿತ್ಸೆ ಪಡೆದ, ಈಗ ಚೆನ್ನಾಗಿದ್ದಾನೆ.

ಭಾನುವಾರ ಬರುತ್ತೇನೆ. ಅತ್ತಿಗೆ ಒಳಗೆ ಬಿಟ್ಟರೆ ನಿನ್ನ ಎಡಗಡೆ ಕೂರುತ್ತೇನೆ. ಆಮೇಲೆ ಪ್ರತಿ ಭಾನುವಾರ. ನೀನು ಈ ಪತ್ರವನ್ನೂ ಮರೆಯುತ್ತೀಯ, ನನಗೆ ಗೊತ್ತು. ಮರೆತರೆ ಮತ್ತೆ ಕೇಳು. ಪ್ರತಿ ಸಲವೂ ನಾನು ಇದನ್ನೇ ಹೇಳುತ್ತೇನೆ, ಪ್ರತಿ ಸಲವೂ ನೀನು ಮೊದಲ ಸಲ ಕೇಳಿದವನಷ್ಟೇ ಕೋಪದಲ್ಲಿ ನನ್ನನ್ನು ಬೈ.

ನಿನ್ನ ಎಡಗಡೆಯವನು,
ಎಡಚ